ಹುರುಳಿಯ ಮೇಲೆ ಸೈಕಲ್

ಹಾಸನ, ಜನವರಿ ೨೦೦೬

ರಂಗಸ್ವಾಮಿ,

ನೀನು ತೀರಿಕೊಂಡಾಗಲೂ ನಿಮ್ಮೂರಿಗೆ ಬಾರದಿದ್ದ ನಾನು ಇವತ್ತು ಗೇರ್ ಸೈಕಲ್ ತೆಗೆದು, ನಾವಿಬ್ಬರೂ ಸುತ್ತುತ್ತಿದ್ದ ಗಾಡಿಜಾಡಿನಲ್ಲೇ ಮೊಸಳೆ ಊರಿನ ಜೋಡಿ ದೇವಸ್ಥಾನ ದಾಟಿ ಬಂದೆ. ಎಂಟು ವರ್ಷದ ಹಿಂದೆ, ರಾಶಿಪೂಜೆಗೆಂದು ನಿಮ್ಮವ್ವ ಸಾರಿಸಿಟ್ಟಿದ್ದ ಕಣದ ಮೇಲೆ ಶೂ ಹಾಕಿಕೊಂಡೇ ಸೈಕಲ್ ಹಾಯಿಸಿ ನಕ್ಕಿದ್ದೆನಲ್ಲ, ಅವತ್ತೇ ನೀನು ಮಾತು ಬಿಟ್ಟೆ. ನಾನೂ ಬಿಂಕ ಬಿಡಲಿಲ್ಲ.

ಊರ ಮುಂದೆ ಟಾರು ರಸ್ತೆಯ ತುಂಬ, ಬಸ್ಸು ಲಾರಿ ಹಾಯ್ದು ಒಕ್ಕಣೆಯಾಗಲಿ ಎಂದು, ಹುರುಳಿ ಗಿಡ ಹರಡಿದ್ದರು. ಪಕ್ಕದಲ್ಲಿ ನಿಮ್ಮವ್ವ ಕೂತಿದ್ದರು. ಇಳಿದು, ಶೂ ಬಿಚ್ಚಿ, ಸೈಕಲ್ಲನ್ನು ಹೆಗಲಿಗೇರಿಸಿದೆ.

"ಅಯ್ಯೋ, ಯಾಕಪ್ಪ ಗಿರಿಧರ, ಅದನ್ನ ಒತ್ಕಂಡಿದ್ದೀಯ? ಮೇಲೇ ಓಡ್ಸು. ಈಗ ಕಣ ಯಾರ್ ಮಾಡ್ತಾರೆ? ಬಸ್ಸು ಇನ್ನೂ ಬಂದಿಲ್ಲ, ಅಲ್ಲೀಗಂಟ ನೀನೇ ತುಳಿ," ಎಂದು ನಕ್ಕರು.

ನನ್ನ ಹೆಸರು ಮರೆತಿರಲಿಲ್ಲ ಕಣೋ.

ಬಸ್ಸು ಬರುವವರೆಗೂ ಹಿಂದೆ ಮುಂದೆ ಓಡಿಸಿದೆ. ಚಕ್ರದಡಿ ಹುರುಳಿಕಾಯಿ ಚಟಚಟ ಒಡೆಯುತ್ತಿದ್ದಂತೆ ಮೈಯೆಲ್ಲ ಹಗುರವಾಯಿತು. ಶೂ ಹಾಕಿಕೋ ಎಂದು ಅವರು ಎರಡು ಸಲ ಹೇಳಿದರು. ನಾನು ಅದನ್ನು ಹ್ಯಾಂಡಲ್ಲಿಗೇ ನೇತುಹಾಕಿಕೊಂಡು ಓಡಿಸಿದೆ.