ಸಾವಕಾರನ ಎದೆಪಟ್ಟಿ

ಬೈಲಹೊಂಗಲ
ಶ್ರಾವಣ ಸೋಮವಾರ, ೧೯–೮–೨೦೨೪

ಚಿರಂಜೀವಿ ನಾಗರತ್ನಾಳಿಗೆ ನಿನ್ನ ಮಾವ ಸೋಮಪ್ಪನ ಆಶೀರ್ವಾದಗಳು.

ಮೊದಲು ‘ಚಿ. ಸೌ.’ ಎಂದು ಬರೆದುಬಿಟ್ಟೆ. ನೀನು ಪಂಚಮಿಗೆ ತವರಿಗೆ ಹೋದಾಗಲೆಲ್ಲ ಹಾಗೇ ಬರೆದು ಕೈಗೆ ರೂಢಿ. ಆ ಹಾಳೆ ಹರಿದು ಹಾಕಿದೆ, ಇದು ಎರಡನೆಯದು. ಇಲ್ಲಿ ನಾನೂ ನಿನ್ನ ಅತ್ತೆ ರಾಚವ್ವನೂ ಇದ್ದೇವೆ. ಕ್ಷೇಮ ಎಂದು ಬರೆಯುವುದು ವಾಡಿಕೆ, ಹಾಗಾಗಿ ಕ್ಷೇಮ ಎಂದೇ ತಿಳಿ.

ಬಸವ ಜಯಂತಿಯ ಮರುದಿನ ನೀನು ಕಳಿಸಿದ ಚೀಟಿಗೆ ಮೂರು ತಿಂಗಳು ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈ. ರಾಚವ್ವ ನಿನ್ನ ಪಾಲಿನದನ್ನೂ ಸೇರಿಸಿ ಆಗಲೇ ಬೈದಿದ್ದಾಳೆ. “ಗೇಣುದ್ದದ ನಾಯಿಗೆ ಒಂದ ಪಟ್ಟಿ ಹೊಲ್ಯಾಕ ಮೂರ ತಿಂಗಳ ಬೇಕೇನ್ರೀ ನಿಮಗ? ಜೋಡೆತ್ತಿನ ಸಾಮಾನ ಎರಡ ದಿನದಾಗ ಮಾಡಿ ಕೊಡತಿದ್ರಿ” ಎಂದು ರೊಟ್ಟಿ ಬಡಿಯುವಾಗ ಒಂದು ಸಲ, ನೀರು ತುಂಬುವಾಗ ಒಂದು ಸಲ. ಫೋನ್ ಮಾಡಬಹುದಿತ್ತು, ನಿಜ. ಆದರೆ ಆ ಕಡೆಯಿಂದ ನೀನು “ಹಲೋ, ಮಾವಾರ” ಎಂದೊಡನೆ ನನ್ನ ಬಾಯಲ್ಲಿ ಮಳೆಯ ಮಾತು, ಊಟದ ಮಾತು ಬಿಟ್ಟು ಬೇರೇನೂ ಬರುವುದಿಲ್ಲ. ಅದಕ್ಕೇ ಕಾಗದ.

ಅಂಗಡಿ ತೆರೆಯುತ್ತೇನೆ, ಮುಚ್ಚುತ್ತೇನೆ. ಕಾರಹುಣ್ಣಿಮೆಗೆ ಗೊಂಡೆ, ಹಣೆಪಟ್ಟಿ, ಬಣ್ಣದ ಹಗ್ಗ ಒಂದಿಷ್ಟು ಹೋದವು. ಮುರಗೋಡದ ಗಂಗಯ್ಯನವರು ಜತ್ತಿಗೆ ಬೇಕೆಂದು ಬಂದಿದ್ದರು. ನೀನು ಅಂಗಡಿಯಲ್ಲಿ ನೋಡಿರುತ್ತೀ, ಎತ್ತಿನ ಕೊರಳನ್ನು ನೊಗಕ್ಕೆ ಸೇರಿಸುವ ಪಟ್ಟಿ. ಅದರ ಒಂದು ತುದಿಯನ್ನು ಗಟ್ಟಿಯಾಗಿ ಹೊಲಿದು, ಇನ್ನೊಂದಕ್ಕೆ ನಾಲ್ಕೇ ನಾಲ್ಕು ಕಚ್ಚಾ ಹೊಲಿಗೆ ಹಾಕುವುದು ನಮ್ಮ ಮನೆಯ ಪದ್ಧತಿ. ದಿನದ ಎಳೆತಕ್ಕೆ ಅದು ಜಗ್ಗುವುದಿಲ್ಲ. ಗಾಡಿ ಮಗುಚಿದರೆ ಮಾತ್ರ ಒಂದೇ ಸೆಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ನನಗೆ ಸೂಜಿ ಹಿಡಿಯಲು ಕಲಿಸುವಾಗ ನಮ್ಮಪ್ಪ, “ಎತ್ತು ಬಿದ್ದಾಗ ಪಟ್ಟಿ ಬಿಚ್ಚಲಿಲ್ಲ ಅಂದ್ರ ಉರಲಾಗಿ ಸಾಯ್ತೈತಿ, ತಿಳೀತೇನಲೇ?” ಎಂದು ತಲೆಗೆ ಮೊಟಕಿದ್ದ. ನಲವತ್ತು ವರ್ಷ ಹಾಗೇ ಹೊಲಿದೆ. ಗಂಗಯ್ಯನವರಿಗೆ ಈಗ ಆಗುವುದಿಲ್ಲ ಎಂದೆ. “ಯಾಕೋ ಸೋಮಪ್ಪ, ಕೈ ಸೋತೇನು?” ಎಂದರು. ಕಣ್ಣು ಕಾಣುವುದಿಲ್ಲ ಎಂದು ಸುಳ್ಳು ಹೇಳಿ ಕಳಿಸಿದೆ.

ನಿನ್ನ ಚೀಟಿ ಇನ್ನೂ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆ. “ಮಾವಾರ, ಬಸ್ ಸ್ಟ್ಯಾಂಡಿನ ಮುಂದ ಸಾವಕಾರ ಕೊಳ್ಳಪಟ್ಟಿಯಿಂದ ತಲಿ ಜಗ್ಗಿಕೊಂಡು ಓಡಿಬಿಟ್ಟ. ಲಾರಿ ಅವನ ಮ್ಯಾಲೆ ಹಾದು ಹೋತು, ಗಾಲಿ ನಡುವ ಉಳಕೊಂಡ. ನನ್ನ ಕೈಯಾಗ ಖಾಲಿ ಪಟ್ಟಿ ಇತ್ತು. ಅವರು ತಂದದ್ದು ಇವನೊಬ್ಬನ ಉಳದಾನ. ನೀವ ಒಂದು ಪಟ್ಟಿ ಹೊಲದ ಕಳಸ್ರಿ. ನಮ್ಮಪ್ಪನ ಹೊಲಗಿ ಹರ್ಯೂದಿಲ್ಲ ಅಂತ ಅವರು ಯಾವಾಗಲೂ ಅಂತಿದ್ರು.” ಜೊತೆಗೆ ಎರಡು ಗಂಟು ಹಾಕಿದ ಕೆಂಪು ದಾರ, ಒಂದು ಕೊರಳಿನ ಅಳತೆ, ಇನ್ನೊಂದು ಎದೆಯದು. ರಾಚವ್ವನಿಗೆ ಚೀಟಿ ಓದಿ ಹೇಳುವಾಗ ಆ ಕೊನೆಯ ಸಾಲು ಬಿಟ್ಟು ಓದಿದೆ.

ನಮ್ಮ ಮಹಾದೇವ ಆ ನಾಯಿಮರಿಯನ್ನು ಚಚಡಿಯಿಂದ ಅಂಗಿಯೊಳಗೆ ಇಟ್ಟುಕೊಂಡು ತಂದ ದಿನ ನೆನಪಿದೆಯೇ? ಮುಷ್ಟಿಯಷ್ಟು ಜೀವ, ಬಂದವನೇ ನನ್ನ ಗಾದಿಯ ಮೇಲೆ ಹತ್ತಿ ಕೂತ. “ನೋಡಪ್ಪಾ, ವಾಡೇದ ಸಾವಕಾರ ಕುಂತಂಗ ಕುಂತಾನ” ಎಂದ ನಿನ್ನ ಗಂಡ. ಅವತ್ತೇ ಹೆಸರು ಬಿತ್ತು. ನಾಯಿ ಮನೆಯೊಳಗೆ ಬರಕೂಡದು ಎಂದು ಕೂಗಾಡಿದವನು ನಾನು; ಮೂರನೇ ದಿನಕ್ಕೆ ನನ್ನ ತಾಟಿನ ಪಕ್ಕದಲ್ಲೇ ಅದರ ತಾಟು.

ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಮೊದಲು ಪೇಟೆಯಲ್ಲಿ ಸಿಗುವುದನ್ನೇ ಕೊಂಡು ಕಳಿಸೋಣ ಎಂದು ಬೆಳಗಾವಿಗೆ ಹೋದೆ. ನಾಯಿ ಸಾಮಾನಿನ ಅಂಗಡಿಯವನು ಗೋಡೆ ತುಂಬ ನೇತುಹಾಕಿದ್ದ. ಕೊರಳಿಗೆ ಹಾಕಿ ಎಳೆದರೆ ಬಿಗಿಯುವ ಸರಪಳಿ, ಗುಂಡಿ ಒತ್ತಿದರೆ ಉದ್ದವಾಗುವ ದಾರ, ಮಿಣಿಮಿಣಿ ಎನ್ನುವ ಪಟ್ಟಿ. ಒಂದೊಂದನ್ನೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿದೆ. “ಅಜ್ಜಾರ, ತಗೊಳ್ಳೂದಿದ್ರ ತಗೋರಿ, ಹರಿಯಬ್ಯಾಡ್ರಿ” ಎಂದ. ಒಂದರ ಪ್ಲಾಸ್ಟಿಕ್ ಕೊಂಡಿ ನನ್ನ ಕೈಯಲ್ಲೇ ಬಂತು. ಅವನ ಮಾತಿಗೆ ಮಾತು ಕೊಟ್ಟು ಬರಿಗೈಯಲ್ಲಿ ವಾಪಸು ಬಂದೆ.

ಆಮೇಲೆ ದನದ ದವಾಖಾನೆಯ ಸುಭಾಸನನ್ನು ಕೇಳಿದೆ. ಅವನು ನಮ್ಮ ಮಹಾದೇವನ ಜೊತೆ ಓದಿದವನು, ಗೊತ್ತಲ್ಲ. “ಸಣ್ಣ ನಾಯಿಗೆ ಕೊಳ್ಳಾಗ ಹಾಕಿ ಎಳೀಬಾರದ್ರಿ ಕಾಕಾ. ಗಂಟಲ ನಳಿಗಿ ಹುಲ್ಲಿನ ಕಡ್ಡಿಯಷ್ಟ ನಾಜೂಕ ಇರತೈತಿ. ಎದಿಗೆ ಹಾಕೂ ಪಟ್ಟಿ ಮಾಡ್ರಿ, ಹಗ್ಗ ಸಿಗಸಾಕ ಬೆನ್ನ ಮ್ಯಾಲೆ ಒಂದು ಕಬ್ಬಣದ ಬಳಿ ಇಡ್ರಿ” ಎಂದ. ನಾನು ಕೇಳಿದೆ, ಜೋರಾಗಿ ಸೆಳೆತ ಬಿದ್ದರೆ ಅದು ಬಿಚ್ಚಿಕೊಳ್ಳಬೇಕೋ, ಹಿಡಿದಿರಬೇಕೋ? ಅವನು ನಕ್ಕುಬಿಟ್ಟ. “ಜೀವ ಉಳಸಾಕ ಹಾಕಿದ್ದು ಹೊತ್ತಿಗೆ ಸರಿಯಾಗಿ ಬಿಚ್ಚಿಕೊಂಡ್ರ ಹಾಕಿ ಏನ ಉಪಯೋಗರಿ? ಎತ್ತಿನ ಲೆಕ್ಕ ಬ್ಯಾರೆ, ಕಾಕಾ.” ಅವನು ಚಹಾ ತರಿಸಿದ್ದ. ಕುಡಿಯಲಾಗಲಿಲ್ಲ, ಹಾಗೇ ಇಟ್ಟು ಎದ್ದು ಬಂದೆ.

ಮೊದಲ ಪಟ್ಟಿಯನ್ನು ಹತ್ತಿಯ ನವಾರದಲ್ಲಿ ಹೊಲಿದೆ. ತೊಯ್ದರೆ ಹಿಗ್ಗುತ್ತದೆ ಎಂದು ನಾನೇ ಬಿಚ್ಚಿದೆ. ಎರಡನೆಯದು ಮಂಚದ ನೈಲಾನ್ ಪಟ್ಟಿಯದು. ಬಗಲಲ್ಲಿ ಉಜ್ಜಿ ಹುಣ್ಣಾಗುತ್ತದೆ ಎನಿಸಿತು, ಬಿಚ್ಚಿದೆ. ಮೂರನೆಯದು ಚೆನ್ನಾಗಿಯೇ ಇತ್ತು. ಅದನ್ನೂ ಬಿಚ್ಚಿದೆ. ಯಾಕೆಂದು ರಾಚವ್ವ ಕೇಳಿದ್ದಕ್ಕೆ ಆಕೆಯ ಮೇಲೆ ಕೂಗಿದೆ, ಆಕೆ ಎರಡು ದಿನ ಮಾತು ಬಿಟ್ಟಳು. ಈಗ ಕಳಿಸುತ್ತಿರುವುದು ನಾಲ್ಕನೆಯದು. ಇದಕ್ಕೆ ಮೂರು ಸಾಲು ಹೊಲಿಗೆ ಹಾಕಿ, ಒಳಗೆ ಮೆತ್ತಗೆ ಹಳೆಯ ಧೋತರದ ಬಟ್ಟೆ ಕೊಟ್ಟಿದ್ದೇನೆ. ಕಬ್ಬಿಣದ ಕೊಂಡಿ. ಅಂಗಡಿಯ ತೊಲೆಗೆ ಕಟ್ಟಿ, ಇಪ್ಪತ್ತು ಕಿಲೋ ಜೋಳದ ಚೀಲ ತೂಗಹಾಕಿ, ಎತ್ತಿ ಎತ್ತಿ ಬಿಟ್ಟೆ. ನಮ್ಮ ಸಾವಕಾರ ನಾಲ್ಕು ಕಿಲೋ ಇದ್ದರೆ ಹೆಚ್ಚು. ಹೊಲಿಗೆ ಅಲುಗಲಿಲ್ಲ. ಮರುದಿನ ಮತ್ತೆ ಕಟ್ಟಿ ಬಿಟ್ಟೆ. ಹೀಗೆ ಹದಿನೈದು ದಿನ. ಎದುರಿನ ಕಿರಾಣಿ ಅಂಗಡಿಯವರು ನನಗೆ ತಲೆ ಕೆಟ್ಟಿದೆ ಎಂದು ಮಾತಾಡಿಕೊಳ್ಳುತ್ತಾರೆ. ಮಾತಾಡಿಕೊಳ್ಳಲಿ.

ಹಾಕುವ ರೀತಿ ಹೇಳುತ್ತೇನೆ, ಗಮನವಿಟ್ಟು ಓದು. ಸಣ್ಣ ಬಳೆಯಂಥದ್ದು ತಲೆಯಿಂದ ಕೊರಳಿಗೆ ಇಳಿಯಬೇಕು, ದೊಡ್ಡದು ಮುಂಗಾಲಿನ ಹಿಂದೆ ಎದೆಯನ್ನು ಸುತ್ತಿ ಬರಬೇಕು. ಪಟ್ಟಿಗೂ ಮೈಗೂ ನಡುವೆ ನಿನ್ನ ಎರಡು ಬೆರಳು ಹೋಗಬೇಕು. ಮೂರು ಹೋದರೆ ಸಡಿಲಾಯಿತು, ಹಿಂದಕ್ಕೆ ಸರಿದು ಮತ್ತೆ ತಪ್ಪಿಸಿಕೊಳ್ಳುತ್ತಾನೆ. ಹಗ್ಗವನ್ನು ಬೆನ್ನಿನ ಬಳೆಗೇ ಹಾಕು, ಕೊರಳ ಕಡೆಗೆ ಬೇಡ. ಪ್ರತಿ ಸಲ ಹೊರಗೆ ಹೋಗುವ ಮೊದಲು ನೀನೇ ಎರಡೂ ಕೈಯಿಂದ ಜೋರಾಗಿ ಜಗ್ಗಿ ನೋಡು. ಮಾವ ಹೊಲಿದದ್ದು ಎಂದು ನಂಬಿ ಬಿಡಬೇಡ.

ಇನ್ನೊಂದು ಮಾತು. ಆಷಾಢದಲ್ಲಿ ರಾಚವ್ವ ರಾಮದುರ್ಗಕ್ಕೆ, ನಿನ್ನ ತವರಿಗೆ, ಹೋಗಿ ನಿನ್ನನ್ನು ನೋಡಿಕೊಂಡು ಬಂದಳಲ್ಲ, ಬಂದವಳು ಚಪ್ಪಲಿ ಸಹ ಬಿಡದೆ ಕಟ್ಟೆಯ ಮೇಲೆ ಕೂತು ಅತ್ತಳು. “ಆಕಿ ನಮ್ಮ ಮಹಾದೇವನ ಫೋಟೋನ ಗ್ವಾಡಿ ಕಡೆ ಮಾರಿ ಮಾಡಿ ಇಟ್ಟಾಳ್ರೀ. ಕೇಳಿದ್ರ, ನನ್ನ ಮಾತ ಕೇಳದವರ ಮಾರಿ ನಾ ಯಾಕ ನೋಡಲಿ ಅಂದಳು” ಎಂದಳು. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ, ಯವ್ವಾ. ಸವದತ್ತಿ ರಸ್ತೆಯಲ್ಲಿ ಅವನ ಬೈಕ್ ಬಿದ್ದ ದಿನ ಹೆಲ್ಮೆಟ್ ಇಪ್ಪತ್ತು ಮಾರು ದೂರ ಸಿಕ್ಕಿತ್ತು. ಪೊಲೀಸರು, ಬೀಗರು, ಓಣಿಯವರು ಎಲ್ಲರೂ ಒಂದೇ ಮಾತು ಹೇಳಿದರು: ಹೆಲ್ಮೆಟ್ ಇತ್ತು, ಆದರೆ ಗದ್ದದ ಪಟ್ಟಿ ಹಾಕಿದ್ದಿಲ್ಲ. ಮಣ್ಣಿಗೆ ಒಯ್ಯುವ ಹೊತ್ತಿಗೆ ನೀನು ಅವನ ಹೆಣದ ಮುಂದೆ ಕೂತು, “ಪಟ್ಟಿ ಹಾಕ್ಕೋರಿ ಅಂತ ದಿನಾ ಬಡಕೊಂಡ್ನೆಲ್ಲಾ, ಒಂದು ದಿನಾನಾದ್ರೂ ಕೇಳಿದ್ರೇನು?” ಎಂದು ಅವನ ಭುಜ ಹಿಡಿದು ಅಲುಗಿಸಿದೆ. ಹೆಂಗಸರು ನಿನ್ನನ್ನು ಎಳೆದುಕೊಂಡು ಹೋದರು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ.

ಪೊಟ್ಟಣವನ್ನು ರಾಮದುರ್ಗದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತೇನೆ. ಒಂದಿಷ್ಟು ಉಂಡಿ ಇವೆ, ನಿಮ್ಮ ಅಣ್ಣನ ಮಕ್ಕಳಿಗೂ ಕೊಡು. ನೀನೂ ತಿನ್ನು, ಬಹಳ ಇಳಿದಿದ್ದೀ ಎಂದು ರಾಚವ್ವ ಹೇಳಿದಳು. ನಿನ್ನ ಅಂಗನವಾಡಿ ಕೆಲಸ ಬಿಡಬೇಡ. ಬಸವಣ್ಣ ನಿನಗೆ ಗಟ್ಟಿ ಮನಸ್ಸು ಕೊಡಲಿ, ನಿನ್ನ ಮುಂದಿನ ದಿನಗಳನ್ನು ಕಾಯಲಿ. ಸಾವಕಾರನ ತಲೆಯನ್ನು ನನ್ನ ಪರವಾಗಿ ಒಮ್ಮೆ ಸವರು.

ನಿನ್ನ ಒಳಿತನ್ನೇ ಬಯಸುವ
ಮಾವ ಸೋಮಪ್ಪ

ತಾ. ಕ.: ಪೊಟ್ಟಣದ ತಳದಲ್ಲಿ ಬಿಳಿ ಅರಿವೆಯಲ್ಲಿ ಸುತ್ತಿದ ಇನ್ನೊಂದು ಪಟ್ಟಿ ಇದೆ. ಅದು ಸಾವಕಾರನದಲ್ಲ, ಮಹಾದೇವನ ಹೆಲ್ಮೆಟ್ಟಿನದು.

ಸಂಕ್ರಾಂತಿಯ ಹಿಂದಿನ ವಾರ ಅವನು ಹೆಲ್ಮೆಟ್ ಹಿಡಿದುಕೊಂಡು ಅಂಗಡಿಗೆ ಬಂದಿದ್ದ. ಹಳೆಯ ಪಟ್ಟಿ ಎಳೆ ಬಿಟ್ಟಿತ್ತು. “ಅಪ್ಪಾ, ಇದಕ್ಕೊಂದು ಪಟ್ಟಿ ಹೊಲದ ಕೊಡ. ಪಟ್ಟಿ ಹಾಕ್ಕೊಳ್ಳಲಿಲ್ಲ ಅಂದ್ರ ನಿನ್ನ ಸೊಸಿ ಹೊಸ್ತಿಲ ದಾಟಗೊಡವಲ್ಲಳು” ಎಂದು ನಕ್ಕ. ಕೊರಳ ಹತ್ತಿರ ಹಾಕುವ ಪಟ್ಟಿ, ನನಗೆ ಗೊತ್ತಿದ್ದದ್ದು ಒಂದೇ ರೀತಿ. ಬಲಗಡೆ ಗಟ್ಟಿ ಹೊಲಿದೆ, ಎಡಗಡೆ ನಾಲ್ಕು ಕಚ್ಚಾ ಹೊಲಿಗೆ ಹಾಕಿದೆ. ಮಗ ಬಿದ್ದರೆ ಗಂಟಲು ಬಿಗಿಯದಿರಲಿ ಎಂದು ಬೇಕೆಂದೇ ಹಾಕಿದೆ. ಅವನಿಗೆ ಹೇಳಲೂ ಇಲ್ಲ.

ಅವನು ಬಿದ್ದ ದಿನ ದವಾಖಾನೆಯಲ್ಲಿ ಯಾರೋ ಆ ಹೆಲ್ಮೆಟ್ಟನ್ನು ತಂದು ನನ್ನ ಕೈಗೆ ಕೊಟ್ಟರು. ಕೊಂಡಿ ಹಾಕಿಯೇ ಇತ್ತು. ಎಡಗಡೆ ನನ್ನ ದಾರ ಬಿಚ್ಚಿಕೊಂಡು ನೇತಾಡುತ್ತಿತ್ತು. ಇನ್ನೊಬ್ಬರು ನೋಡುವ ಮೊದಲೇ ಜೇಬಿನ ಚಾಕುವಿನಿಂದ ಪಟ್ಟಿ ಕೊಯ್ದು ಒಳಗಿಟ್ಟುಕೊಂಡೆ. ಎಲ್ಲರೂ ಅವನದೇ ತಪ್ಪು ಎಂದಾಗ ಹೌದೆಂದು ತಲೆಯಾಡಿಸಿದೆ. ನೀನು ಅವನನ್ನು ಅಲುಗಿಸಿ ಕೇಳಿದಾಗಲೂ ಸುಮ್ಮನಿದ್ದೆ. ರಾಚವ್ವನಿಗೆ ಇನ್ನೂ ಗೊತ್ತಿಲ್ಲ, ಈ ಕಾಗದ ಬಸ್ಸಿಗೆ ಕೊಟ್ಟು ಬಂದು ಹೇಳುತ್ತೇನೆ.

ಆ ಕೊಂಡಿಯನ್ನು ನಾನು ಬಿಚ್ಚಿಲ್ಲ. ಅವನು ಹಾಕಿದ್ದು ಹಾಗೇ ಇದೆ, ನೋಡು. ಅವನು ನಿನ್ನ ಮಾತು ಕೇಳಿದ್ದ. ಫೋಟೋ ಈ ಕಡೆ ತಿರುಗಿಸಿ ಇಡು, ಯವ್ವಾ.