ಸುಡಬಾರದ ಅಂಚು

ಮಕ್ತಲ್,
6 ಜೂನ್ 2024

ಪ್ರೀತಿಯ ಸತ್ಯಕ್ಕಾ,

"ಸುಟ್ಟರ ಬೆಳ್ಳಿ ಸಿಗತೈತಿ, ಆದ್ರ..." ಆದರೆ ಮುಂದೆ ಏನಂದಿದ್ದೆ ನೀನು? ಮೂರು ದಿನ ಈ ಅರ್ಧ ಮಾತು ನನ್ನ ತಲೆಯೊಳಗೆ ಓಡಾಡಿತು. ಇರಲಿ, ಮೊದಲು ನಿನ್ನ ಕಣ್ಣಿನ ಸುದ್ದಿ ಹೇಳು. ಆಪರೇಶನ್ ಆದಮೇಲೆ ಸೂಜಿಗೆ ದಾರ ಪೋಣಿಸಲು ಆಗುತ್ತಿದೆಯೇ? ಸೊಲ್ಲಾಪುರದ ಬಿಸಿಲಿನಲ್ಲಿ ಕಪ್ಪು ಕನ್ನಡಕವಿಲ್ಲದೆ ಹೊರಗೆ ಹೋಗಬೇಡ. ಭಾವನವರ ಮಂಡಿನೋವು ಹೇಗಿದೆ? ನಾವು ಆರಾಮ. ಎಂಬತ್ತನಾಲ್ಕರ ಅಪ್ಪ ಬೆಳಿಗ್ಗೆ ಶೆಡ್ಡಿಗೆ ಬಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಮ್ಮ ಹೊಸ ರಾಜ್ಯ ಹುಟ್ಟಿ ಹತ್ತು ವರ್ಷ ತುಂಬಿತೆಂದು ಊರಲ್ಲಿ ಕಟ್ಟಿದ ಗುಲಾಬಿ ತೋರಣಗಳು ಇನ್ನೂ ಹಾಗೇ ಇವೆ.

ಸುದ್ದಿ ಇದು. ಹೈದರಾಬಾದಿನ ಆಚೆ ಒಂದು ಕಾರ್ಖಾನೆಯಲ್ಲಿ ಫ್ಯುಯೆಲ್ ಸೆಲ್ ಮಾಡುತ್ತಾರೆ. ಹೈಡ್ರೋಜನ್ನಿನಿಂದ ಕರೆಂಟು ತೆಗೆಯುವ ಪೆಟ್ಟಿಗೆ ಅಂದುಕೋ. ಅದರೊಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹಾಳೆ, ಹಾಳೆಯ ಎರಡೂ ಕಡೆ ಕಪ್ಪು ಲೇಪ, ಆ ಲೇಪದಲ್ಲಿ ಪ್ಲಾಟಿನಂ. ಹಾಳೆಯನ್ನು ಅಳತೆಗೆ ಕತ್ತರಿಸಿದಾಗ ಅಂಚು ಉಳಿಯುತ್ತದೆ. ಆ ಅಂಚುಗಳನ್ನು ಎರಡು ಕಿಲೋ ನಮ್ಮ ಶೆಡ್ಡಿಗೆ ಕಳಿಸಿದರು. ಹಳೇ ಜರಿ ಸೀರೆಯಿಂದ, ಆಮೇಲೆ ಎಕ್ಸ್‌ರೇ ಫಿಲ್ಮಿನಿಂದ ಬೆಳ್ಳಿ ತೆಗೆದ ಮನೆ ನಮ್ಮದು ಅಂತ ಯಾರೋ ಹೇಳಿದ್ದರಂತೆ. ಹದಿನೈದು ದಿನದೊಳಗೆ ಪ್ಲಾಟಿನಂ ಬೇರೆ, ಹಾಳೆ ಬೇರೆ ಮಾಡಿ ತೋರಿಸಿದರೆ ವರ್ಷದ ಕೆಲಸ. ಇಲ್ಲದಿದ್ದರೆ ನಾರಾಯಣಪೇಟೆಯಲ್ಲಿ ಮಗ್ಗ ಮಾರಿ ನನ್ನನ್ನು ನಂಬಿ ಬಂದ ತಿರುಪತಮ್ಮ ಮತ್ತು ಇನ್ನೈದು ಹೆಂಗಸರು ಮತ್ತೆ ಬಸ್ಸು ಹತ್ತಬೇಕು.

ನಾನೇನು ಮಾಡಿದೆ ಊಹಿಸು. ಕಾರ್ಖಾನೆಯ ಅನುರಾಧಾ, ಗದ್ವಾಲದ ಹುಡುಗಿ, ಬರೆದು ಕಳಿಸಿದ ಕಾಗದವನ್ನು ಓದದೆ ಒಂದು ಹಿಡಿ ಅಂಚನ್ನು ಅಪ್ಪನ ಹಳೇ ಬಾಣಲೆಗೆ ಹಾಕಿ ಸುಟ್ಟೆ. ನಮ್ಮ ಮನೆಯಲ್ಲಿ ಬೇರೆ ಯಾವ ದಾರಿಯಿತ್ತು? ಬಂದದ್ದನ್ನು ಸುಡು, ಬೂದಿ ತೊಳೆ, ಉಳಿದದ್ದನ್ನು ಕರಗಿಸು. ಗಂಟಲಲ್ಲಿ ಸೂಜಿ ಚುಚ್ಚಿದಂಥ ವಾಸನೆ. ಎಲ್ಲರೂ ಹೊರಗೆ ಓಡಿದೆವು, ಅಪ್ಪನನ್ನು ಕುರ್ಚಿಸಮೇತ ಎತ್ತಿಕೊಂಡು. ಮರುದಿನ ನೋಡಿದರೆ ಕಿಟಕಿಯ ಗಾಜು ಮಬ್ಬಾಗಿತ್ತು, ಎಷ್ಟು ಒರೆಸಿದರೂ ಹೋಗಲಿಲ್ಲ. ಅನುರಾಧಾ ಫೋನಿನಲ್ಲಿ ಕಿರುಚಿದಳು: "ಸರ್, ಅದು ಗಾಜು ತಿನ್ನೋ ಹೊಗೀರೀ! ಇನ್ನಷ್ಟು ಹೊತ್ತು ನಿಂತಿದ್ರ ನಿಮ್ಮ ಎದೀನೂ ತಿಂತಿತ್ತು." ತಿರುಪತಮ್ಮ ಬಿಟ್ಟಾಳೆಯೇ? "ಮನಿಗೆ ಬಂದದ್ದೆಲ್ಲ ಸುಡಾಕಬೇಕೇನು ಭಾನಣ್ಣ ನಿನಗ? ನಾ ನಾಳಿಂದ ಹೊಸ ಸೀರಿ ಉಟ್ಕೊಂಡು ಬರಂಗಿಲ್ಲಪಾ."

ಆ ಮಬ್ಬು ಗಾಜಿನ ಎದುರು ನಿಂತಾಗ ನೀನು ಕಂಡೆ. ಮೆಟ್ಟಿಲ ಮೇಲೆ ಕೂತು, ಅಂಟುವಾಳದ ನೀರಿನಲ್ಲಿ ಸೀರೆಯ ಸೆರಗು ನೆನೆಹಾಕಿ, ಜರಿಯ ಎಳೆಗಳನ್ನು ಒಂದೊಂದಾಗಿ ಸೂಜಿಯಿಂದ ಬಿಡಿಸುತ್ತಿದ್ದೆ. ಅಪ್ಪ ನಗುತ್ತಿದ್ದರು, "ನೀ ಒಂದು ಬಿಡಿಸೋದ್ರಾಗ ನಾ ನೂರು ಸುಡ್ತೀನಿ" ಅಂತ. ನಾನು ಅನುರಾಧಾಳನ್ನು ಕೇಳಿದೆ: ನೆನೆಸಬಹುದೇ? ಅರ್ಧ ನೀರು, ಅರ್ಧ ಸ್ಪಿರಿಟ್ಟು, ಹತ್ತಿರ ಬೆಂಕಿ ಸುಳಿಯಬಾರದು ಅಂದಳು. ಇದೂ ಅವಳ ಕಾಗದದಲ್ಲಿ ಇತ್ತಂತೆ! ತಟ್ಟೆಯಲ್ಲಿ ಅಂಚುಗಳು ಗಂಜಿ ಬಿಡುವ ಬಟ್ಟೆಯ ಹಾಗೆ ಉಬ್ಬಿದವು. ತಿರುಪತಮ್ಮ ಎರಡು ಬೆರಳಿನಿಂದ ಮೆಲ್ಲಗೆ ಸವರಿದಳು. ಕಪ್ಪು ಲೇಪ ಕಳಚಿ ತಳಕ್ಕೆ ಇಳಿಯಿತು. ಅವಳ ಕೈಯಲ್ಲಿ ಉಳಿದದ್ದು ನೀರಿನಷ್ಟು ಸ್ವಚ್ಛ ಹಾಳೆ, ಅದರಾಚೆ ಅವಳ ಬೆರಳಗೆರೆಗಳು ಕಾಣುತ್ತಿದ್ದವು. ಖುಷಿಯನ್ನು ನಾಲ್ಕು ಹೆಜ್ಜೆ ದೂರ ನಿಂತು ನೋಡುವ ಅಭ್ಯಾಸ ನನ್ನದು, ನಿನಗೆ ಗೊತ್ತು. ಆದರೂ ಅಕ್ಕಾ, ನಾನೂ ತಟ್ಟೆಗೆ ಕೈ ಹಾಕಿದೆ. ಆಗಲೇ ನಿನ್ನ ಮಾತಿನ ಉಳಿದರ್ಧ ನೆನಪಾಯಿತು: "ಆದ್ರ ಸೀರಿ ಎಲ್ಲಿಂದ ತರ್ತೀರಿ?"

ನಿನ್ನೆ ಅನುರಾಧಾ ಬಂದು ತೂಗಿದಳು, ಬೆಳಕಿಗೆ ಹಿಡಿದಳು, ಮತ್ತೆ ತೂಗಿದಳು. ಕಪ್ಪು ಪುಡಿ ಪ್ಲಾಟಿನಂ ತೆಗೆಯುವವರಿಗೆ, ಹಾಳೆ ಕಾರ್ಖಾನೆಗೆ. ಸೋಮವಾರದಿಂದ ಕೆಲಸ! ಇನ್ನೂ ಹತ್ತು ಜನ ಬೇಕು, ಅವರಿಗೆ ಕೈಕೆಲಸ ಕಲಿಸುವವರು ಒಬ್ಬರು ಬೇಕು. ಸುಡಲು ಯಾರಿಗೂ ಕಲಿಸಬೇಕಾಗಿಲ್ಲ. ಬಿಡಿಸಲು ನಿನ್ನ ಬೆರಳು ಬೇಕು. ಬಾ.

ಭಾವನವರಿಗೆ ನನ್ನ ನಮಸ್ಕಾರ, ಮೊಮ್ಮಕ್ಕಳಿಗೆ ಮುದ್ದು. ಕಣ್ಣಿಗೆ ಔಷಧಿ ಬಿಡುವುದನ್ನು ಮರೆಯಬೇಡ.

ನಿನ್ನ ತಮ್ಮ,
ಭಾನುಪ್ರಕಾಶ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆದುಬಿಡುತ್ತೇನೆ. ತೀರಿಹೋದ ಅಮ್ಮನ ಗದ್ವಾಲ ಜರಿ ಸೀರೆಯನ್ನು ಬೆಂಕಿಗೆ ಹಾಕಿದ್ದು ಅಪ್ಪ ಅಲ್ಲ. ಆ ದಿನ ಅವರು ಊರಲ್ಲಿರಲಿಲ್ಲ. ಹತ್ತೊಂಬತ್ತರ ನಾನು, ನೀನು ಬೇರೆ ಎತ್ತಿಟ್ಟಿದ್ದ ಗಂಟನ್ನು ಬಿಚ್ಚಿ ನೋಡದೆ ಸುರಿದೆ. ಸಂಜೆ ಬಂದ ಅಪ್ಪ ಬೂದಿಯನ್ನು ನೋಡಿ, "ನಾ ಸುಟ್ಟೆ ಅಂತೀನಿ, ಅಕ್ಕ ತಮ್ಮ ಮಾತು ಬಿಡಬ್ಯಾಡ್ರಿ" ಅಂದರು. ಮೂವತ್ತೊಂದು ವರ್ಷ ನೀನು ಅವರ ಜೊತೆ ಮಾತು ಬಿಟ್ಟೆ, ನಾನು ಬಾಯಿ ಬಿಡಲಿಲ್ಲ. ನಿನ್ನ ಫೋನು ಬಂದಾಗಲೆಲ್ಲ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ, ಇಟ್ಟ ಮೇಲೆ "ಅಕಿ ಕಣ್ಣು ಹ್ಯಾಂಗೈತಂತ?" ಅಂತ ನನ್ನನ್ನು ಕೇಳುತ್ತಾರೆ. ಮುಂದಿನ ಸಲ ನೀನು ಫೋನು ಮಾಡಿದಾಗ ಅವರ ಕೈಗೆ ಕೊಡಲೇ?