ಸಹಿಯ ಕೆಳಗಿನ ನಂಬರು

ಅಜೀಜಿಯಾ, ಜಿದ್ದಾ
ಮಾರ್ಚ್ 1985

ಸೆಕ್ರೆಟರಿ ಸಿಮೋನ್ ಪೊರ್ಬುಗಳಿಗೆ ಮೋನಬ್ಬನ ಸಲಾಂ.

ನೀವು ತೀರಿಕೊಂಡಿರೆಂದು ಮನೆಯಿಂದ ಹೆಂಡತಿ ಹಲೀಮತ್ ಬರೆದು ತಿಂಗಳಾಯಿತು. ಆದರೂ ಇವತ್ತು ನಡೆದದ್ದನ್ನು ನಿಮಗೇ ಹೇಳಬೇಕು.

ಬೆಳಿಗ್ಗೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ನವೀಕರಿಸಲು ಕಂಪೆನಿಯ ಆಫೀಸಿಗೆ ಹೋಗಿದ್ದೆ. ಗುಮಾಸ್ತ ನನ್ನ ಗ್ರೀಸು ಮೆತ್ತಿದ ಅಂಗಿ ನೋಡಿ, ಏನೂ ಕೇಳದೆ ಶಾಯಿಯ ಪ್ಯಾಡು ಮುಂದೆ ತಳ್ಳಿದ. ನಾನು ಅದನ್ನು ಹಿಂದಕ್ಕೆ ತಳ್ಳಿ, ಕನ್ನಡದಲ್ಲಿ ಸಹಿ ಹಾಕಿ, ಕೆಳಗೆ 214 ಎಂದು ಬರೆದೆ.

"ಯೇ ನಂಬರ್ ಕ್ಯಾ ಹೈ?" ಎಂದ.

ಆಗಲೇ ನನಗೆ ಹೊಳೆದದ್ದು. ಅದು ನೀವು ಸೆಕ್ರೆಟರಿಯಾಗಿದ್ದ ನಮ್ಮೂರಿನ ಸೇವಾ ಸಹಕಾರಿ ಬ್ಯಾಂಕಿನ ನನ್ನ ಸದಸ್ಯ ನಂಬರು, ಅಲ್ಲಿನ ಪುಸ್ತಕಕ್ಕೆ ಮಾತ್ರ ಬೇಕಾದದ್ದು. ಸಹಿ ಎಂದರೆ ಅದೂ ಸೇರಿಯೇ ಎಂದುಕೊಂಡು ಇಷ್ಟು ವರ್ಷ ಎಲ್ಲ ಕಡೆ ಬರೆಯುತ್ತ ಬಂದಿದ್ದೆ!

"ಅನಾ ಮಾಲಿಕ್, ಬ್ಯಾಂಕ್" ಎಂದೆ. ಬ್ಯಾಂಕಿನ ಯಜಮಾನ ನಾನು ಎಂದು. ಅವನು ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಆದರೆ ನಾನು ಸುಳ್ಳು ಹೇಳಿರಲಿಲ್ಲ. ಬ್ಯಾಂಕಿಗೆ ಗೊಬ್ಬರಕ್ಕೆ ಬಂದು ಹೆಬ್ಬೆಟ್ಟು ಚಾಚಿದ ನನಗೆ ನೀವೇ ಅಲ್ಲವೇ ಹೇಳಿದ್ದು, "ಎಂತ ಮೋನು, ಮೆಂಬರ್ ಅಂದ್ರೆ ಬ್ಯಾಂಕಿನ ಯಜಮಾನ ಮಾರಾಯ. ಯಜಮಾನ ಹೆಬ್ಬೆಟ್ಟು ಒತ್ತುದುಂಟಾ?" ಆ ಮಳೆಗಾಲವಿಡೀ ಗೊಬ್ಬರದ ಮೂಟೆಯ ಮೇಲೆ ಕೂರಿಸಿ ನನ್ನಿಂದ ಅಕ್ಷರ ತಿದ್ದಿಸಿದಿರಿ.

ನಾನು ಇಲ್ಲಿಗೆ ಹೊರಟ ದಿನ, "ಒಂದು ಕಾಗದ ಹಾಕು, ನಿನ್ನ ಅಕ್ಷರ ನೋಡ್ಬೇಕು" ಎಂದಿದ್ದಿರಿ. ಅಕ್ಷರ ಇನ್ನೂ ಸ್ವಲ್ಪ ಚೆಂದವಾಗಲಿ ಎಂದು ಆರು ವರ್ಷ ಕಾದೆ.

ಇನ್ನು ಮೇಲೆ ನಂಬರು ಬೇಡ ಎಂದಿದ್ದಾನೆ ಗುಮಾಸ್ತ. ನಿಮ್ಮ ಈ ಕಾಗದದಲ್ಲಿ ಮಾತ್ರ ಇರಲಿ.

ನಿಮ್ಮ
ಮೋನಬ್ಬ
214